ಪಾಲು

ಎರಡಕ್ಷರ ಹೊಡೆದು ಸ್ಪೇಸ್ ತಟ್ಟಿದರೆ
ಒಂದು ಹೊಲದ ನಾಲ್ಕು ದಿಕ್ಕೂ ಬಂದು ನಿಲ್ಲುತ್ತವೆ.
‘ಚಬ’ ಅಂದರೆ ಚಕ್ಕುಬಂದಿ,
ಪೂರ್ವಕ್ಕೆ ಚುಕ್ಕಿ ಚುಕ್ಕಿ, ಪಶ್ಚಿಮಕ್ಕೆ ಚುಕ್ಕಿ ಚುಕ್ಕಿ,
ಹೊಲ ಯಾರದೋ ಅವರೇ ಹೇಳಿ ತುಂಬಿಸಲಿ.
‘ಓಕೇ’ ಅಂದರೆ
ಓದಿಸಿ ಕೇಳಿ ಸರಿ ಇದೆಯೆಂದು ಒಪ್ಪಿ ರುಜು ಮಾಡಿರುತ್ತೇನೆ.
‘ಸ್ವಸ’ ಅಂದರೆ
ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ,
ಸ್ಥಿರಬುದ್ಧಿಯಿಂದ, ಪೂರ್ಣ ಮನಸ್ಸಿನಿಂದ.
ಇಷ್ಟುದ್ದದ ಸಂತೋಷ, ಒಂದೇ ತಟ್ಟಿಗೆ.

ಚಿಂತಾಮಣಿಯ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು
ಜೆರಾಕ್ಸು, ಲ್ಯಾಮಿನೇಷನ್ನು, ಪಾಸ್‌ಪೋರ್ಟ್ ಸೈಜ್ ಫೋಟೋ,
ಎಂಟಡಿ ಅಂಗಡಿಯಲ್ಲಿ ನನಗೀಗ ಹನ್ನೊಂದು ವರ್ಷ.
ಕೀಲಿಗಳ ಮೇಲಿನ ಅಕ್ಷರ ಅಳಿಸಿಹೋಗಿವೆ,
ಬೆರಳಿಗೆ ಮಾತ್ರ ಗೊತ್ತು ಯಾವುದು ಎಲ್ಲಿದೆಯೆಂದು.

ತಪ್ಪು ತಿದ್ದುವ ಪಟ್ಟಿಯೊಂದು ಒಳಗಿದೆ.
ಎಡಗಡೆ ನಾನು ಹೊಡೆಯುವ ತಪ್ಪು,
ಬಲಗಡೆ ನಾನು ಹೊಡೆಯಬೇಕಿದ್ದದ್ದು.
ಮೊದಲ ವರ್ಷ, ಡೈರಿ ಸೊಸೈಟಿಯ ಸೆಕ್ರೆಟರಿ
ವಾರ್ಷಿಕ ವರದಿ ತಂದು ಕೂತಿದ್ದರು.
ಹಾಲು ಅಂತ ಹೊಡೆಯಲು ಹೋದರೆ
ಬೆರಳು ಪಾಲು ಅನ್ನುತ್ತಿತ್ತು.
ಮನೆಯಲ್ಲಿ ತೆಲುಗು ನಮ್ಮದು.
ಒಲೆಯ ಮೇಲೆ ಉಕ್ಕುವುದೂ ಪಾಲೇ,
ಅಣ್ಣತಮ್ಮಂದಿರು ಹಂಚಿಕೊಳ್ಳುವುದೂ ಪಾಲೇ.
‘ಇಷ್ಟು ಸಾವಿರ ಲೀಟರ್ ಪಾಲು ಸಂಗ್ರಹ’
ಓದಿ ಸೆಕ್ರೆಟರಿ ಕನ್ನಡಕ ತೆಗೆದು ನಕ್ಕಿದ್ದರು.
ಆವತ್ತೇ ಪಟ್ಟಿಗೆ ಸೇರಿಸಿದೆ: ಎಡಕ್ಕೆ ಪಾಲು, ಬಲಕ್ಕೆ ಹಾಲು.
ಪ ಹೋಗಿ ಹ ಆಗಲು ಕನ್ನಡಕ್ಕೆ
ನೂರಾರು ವರ್ಷ ಹಿಡಿಯಿತಂತೆ, ಮೇಷ್ಟರು ಹೇಳಿದ್ದರು.
ನನ್ನ ಕಂಪ್ಯೂಟರಿಗೆ ರೆಪ್ಪೆ ಬಡಿಯುವಷ್ಟು.
(ಚಿನ್ನಗಾನಪಲ್ಲಿಯನ್ನು ಅದು ಹಳ್ಳಿ ಮಾಡಿ
ಖಾತೆ ಅರ್ಜಿ ಎರಡು ಸಲ ವಾಪಸ್ ಬಂದದ್ದೂ ಉಂಟು.)

ನಿನ್ನೆ ನಾರೆಮ್ಮ ಬಂದರು, ಎಪ್ಪತ್ತರ ಮೇಲಿರಬೇಕು,
ಜೊತೆಗೆ ತಮ್ಮ ಬೈರಾರೆಡ್ಡಿ, ಮೀಸೆಗೆ ಹೊಸ ಬಣ್ಣ.
ಹಕ್ಕು ಬಿಡುಗಡೆ ಪತ್ರ.
‘ಬೇಗ ಆಗಲಿ ಮೇಡಂ, ಟೋಕನ್ ಹದಿನೇಳು.’
ಹೊಡೆದೆ. ಓದಿದೆ, ಗಟ್ಟಿಯಾಗಿ,
ಓದಿ ಹೇಳಬೇಕೆಂಬುದು ಪದ್ಧತಿ:
ಸದರಿ ಸ್ವತ್ತಿನಲ್ಲಿ ನನಗೆ ಸೇರಿದ ಹಾಲು ಪೂರ್ತಿ
ನನ್ನ ತಮ್ಮನಿಗೆ ಬಿಟ್ಟುಕೊಟ್ಟಿರುತ್ತೇನೆ.

ನಾಲಿಗೆ ಕಚ್ಚಿಕೊಂಡೆ.
ಕಂಟ್ರೋಲ್ ಝೆಡ್‌ಗೆ ಬೆರಳು ಹೋಗುವಷ್ಟರಲ್ಲಿ
‘ಇರಲಿ ಬಿಡಮ್ಮ’ ಅಂದರು ನಾರೆಮ್ಮ,
‘ಸುಳ್ಳೇನಲ್ಲ.
ಇವನು ಹುಟ್ಟಿದಾಗ ನಮ್ಮಮ್ಮನಿಗೆ ಬತ್ತಿಹೋಗಿತ್ತು.
ನನಗೂ ಆಗ ಕೈಕೂಸು.
ಬಲಕ್ಕೆ ನನ್ನ ಮಗಳು, ಎಡಕ್ಕೆ ಇವನು.
ಮಗಳು ಉಳೀಲಿಲ್ಲ.’
ಆಮೇಲೆ ತೆಲುಗಿನಲ್ಲಿ, ನನಗೊಬ್ಬಳಿಗೇ ಎಂಬಂತೆ,
‘ರೆಂಡೂ ಪಾಲೇ ಕದಮ್ಮಾ.’

ಬೈರಾರೆಡ್ಡಿ ಎದ್ದು
ಬೈಕಿನ ಸೈಡ್ ಸ್ಟ್ಯಾಂಡ್ ನೋಡಿಕೊಂಡು ಬಂದ.
ಸುಮ್ಮನೆ ನಿಂತಿತ್ತು ಬೈಕು.

ತಿದ್ದಿದೆ. ತಿದ್ದಲೇಬೇಕಲ್ಲ,
ಹಾಲಿಗೆ ಸರ್ವೆ ನಂಬರಿಲ್ಲ,
ಸಾಕ್ಷಿ ರುಜು ಹಾಕಲು ಅದನ್ನು ಕಂಡವರು
ಯಾರೂ ಉಳಿದಿಲ್ಲ.
ಹ ಮತ್ತೆ ಪ ಆಯಿತು.

ಮುಂದಿನ ಸಾಲು ‘ಸ್ವಸ’.
ಎರಡಕ್ಷರ, ಒಂದು ತಟ್ಟು,
ದಿನಕ್ಕೆ ಇಪ್ಪತ್ತು ಸಲ ತಟ್ಟುತ್ತೇನೆ.
ನಿನ್ನೆ ತಟ್ಟಲಿಲ್ಲ.
ಒಂದೊಂದೇ ಕೀಲಿ ಒತ್ತಿದೆ,
ಸ್ವ, ನಿಲ್ಲಿಸಿ ನಾರೆಮ್ಮನ ಮುಖ ನೋಡಿದೆ,
ಸಂ, ಮತ್ತೆ ನೋಡಿದೆ,
ತೋ.
ಅವರು ಸೆರಗಿನ ಗಂಟು ಬಿಚ್ಚಿ
ಆಧಾರ್ ಕಾರ್ಡಿನ ಮಡಿಕೆ ಸರಿಮಾಡುತ್ತಿದ್ದರು.
ಹೊರಗೆ ಯಾರೋ ಹದಿನಾರು ಅಂತ ಕೂಗಿದರು.